ಹದ್ದಿನ ಮರಿಯ ಕಥೆಯೂ ಸತ್ಯಸಾಕ್ಷಿಯೂ

ಹದ್ದು ತನ್ನ ಮರಿಗಳಿಗೆ ಹಾರುವದನ್ನು ಕಲಿಸುವ ರೀತಿಯ ಕುರಿತು ಒಂದು ಕಥೆಯು ನಮ್ಮ ಸಭೆಗಳಲ್ಲಿ ಅನೇಕರಿಗೆ ಗೊತ್ತಿರುವದು. ಮರಿಗಳು ಬೆಳೆದ ಮೇಲೆ ತಾಯಿಹದ್ದು ಗೂಡಿನೊಳಗಿನ ಮೆತ್ತನೆಯ ಹುಲ್ಲನ್ನೂ ಗರಿಗಳನ್ನೂ ಕಿತ್ತೆಸೆದು ಮುಳ್ಳುಗಳು ಚುಚ್ಚುವಂತೆ ಮಾಡುವದಂತೆ. ಆ ಮೇಲೆ ಮರಿಯನ್ನು ಗೂಡಿನ ಅಂಚಿನಿಂದ ಕೆಳಕ್ಕೆ ದೂಡುವದಂತೆ. ಮರಿಯು ರೆಕ್ಕೆ ಬಡಿಯುತ್ತಾ ಬಿದ್ದು ಇನ್ನೇನು ಬಂಡೆಗೆ ತಾಗಬೇಕು ಅನ್ನುವಷ್ಟರಲ್ಲಿ ತಾಯಿಯು ಹಾರಿಬಂದು ಅದನ್ನು ಬೆನ್ನಿನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಒಯ್ಯುವದಂತೆ. ಮರಿಯು ಹಾರುವ ತನಕ ಹೀಗೆಯೇ ತಿರಿಗಿ ತಿರಿಗಿ ಮಾಡುವದಂತೆ. ಈ ಕಥೆಯನ್ನು ಬೋಧಕರು ಪ್ರಸಂಗಪೀಠದಿಂದ ಹೇಳುತ್ತಾರೆ. ಭಾನುವಾರದ ಶಾಲೆಯ ಉಪಾಧ್ಯಾಯರು ಮಕ್ಕಳಿಗೆ ಹೇಳುತ್ತಾರೆ. ಈಗಿನ ಕಾಲದಲ್ಲಿ ಮೊಬೈಲ್ ಫೋನುಗಳ ಮೂಲಕವೂ ಅದು ಊರಿಂದೂರಿಗೆ ಹರಡುತ್ತಲಿದೆ. ಕಷ್ಟದಲ್ಲಿ ದೇವರು ನಮ್ಮನ್ನು ಕೈಬಿಡುವದಿಲ್ಲವೆಂಬದು ಅದರ ತಾತ್ಪರ್ಯ. ಆ ತಾತ್ಪರ್ಯವು ಸತ್ಯವೇ. ಆದರೆ ಕಥೆಯು ಸತ್ಯವೋ? ಸತ್ಯವಲ್ಲದಿದ್ದರೆ, ಒಳ್ಳೆಯ ಉಪದೇಶಕ್ಕಾಗಿ ಸತ್ಯವಲ್ಲದ ಸಂಗತಿಯನ್ನು ಸತ್ಯವೆಂದು ಹೇಳಬಹುದೋ? ಈ ಪ್ರಶ್ನೆಯು ಸಣ್ಣದೆಂದು ತೋರಿದರೂ ದೇವರ ವಾಕ್ಯವನ್ನು ಹೇಳುವವರಿಗೂ ಕೇಳುವವರಿಗೂ ಸಂಬಂಧಪಟ್ಟದ್ದಾಗಿರುವದರಿಂದ ಅದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ತೀರ್ಪು ಹೇಳುವದಕ್ಕೆ ಮೊದಲು ಸಾಕ್ಷಿಯನ್ನು ಕೇಳುವದು ನ್ಯಾಯ. ಈ ಕಥೆಯೊಂದಿಗೆ ಬರುವ ಚಿತ್ರಗಳಲ್ಲಿ ಅನೇಕಾವರ್ತಿ ಕಾಣುವ ಹಕ್ಕಿಯು ಉತ್ತರ ಅಮೇರಿಕದ ಬಿಳಿತಲೆಯ ಹದ್ದು. ಇಂಗ್ಲಿಷಿನವರು ಅದನ್ನು ಬೋಳುಹದ್ದು ಎಂಬ ಅರ್ಥದ ಹೆಸರಿನಿಂದ ಕರೆಯುವರು. ಆದರೂ ಅದರ ತಲೆಯು ಬೋಳಲ್ಲ, ಬೆಳ್ಳಗಿನ ಗರಿಗಳಿಂದ ಮುಚ್ಚಿರುವದು. ಆ ಮಾತಿಗೆ ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಬಿಳುಪು ಎಂಬ ಅರ್ಥವೂ ಇತ್ತು. ೧೭೮೨ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಗಳು ತಮ್ಮ ರಾಜಮುದ್ರೆಯಲ್ಲಿ ಈ ಹಕ್ಕಿಯನ್ನೇ ಕೆತ್ತಿಸಿಕೊಂಡವು. ಅದು ನಮ್ಮ ದೇಶದಲ್ಲಿಲ್ಲ; ಆದರೆ ನಮ್ಮ ಕರಾವಳಿಯವರು ಕಾಣುವ ಬಿಳಿಹೊಟ್ಟೆಯ ಕಡಲಹದ್ದು ಅದರ ಬಳಗಕ್ಕೆ ಸೇರಿದ್ದೇ. ಎರಡೂ ನೀರಿನ ಸಮೀಪ ವಾಸಿಸಿ ಮೀನು ಹಿಡಿದು ಬದುಕುವವು.

ಈ ಬಿಳಿತಲೆಯ ಹದ್ದಿನ ಗೂಡನ್ನು ಬಹು ಕಾಲದಿಂದ ಬಹು ಜನರು ಕಣ್ಣಿಟ್ಟು ನೋಡಿರುವರು. ೧೯೨೦ರ ದಶಕದಲ್ಲಿ ಓಹಾಯೋ ಸಂಸ್ಥಾನದ ಫ್ರಾನ್ಸಿಸ್ ಹೆರಿಕ್ ಎಂಬ ಪಂಡಿತರು ಎರಿ ಸರೋವರದ ತೀರದಲ್ಲಿರುವ ವರ್ಮಿಲಿಯನ್ ಎಂಬ ಊರಿನ ಬಳಿಯಲ್ಲಿ ಎತ್ತರವಾದ ಗೋಪುರವನ್ನು ಕಟ್ಟಿಸಿ, ಅದರ ಮೇಲೆ ಮರೆಯಾಗಿ ಕೂತು ಹದ್ದುಗಳ ಸಂಸಾರವನ್ನು ನೋಡಿ ಬರೆದಿಟ್ಟರು. ಅಲ್ಲಿದ್ದ ಒಂದು ಗೂಡು ಸುಮಾರು ೧೨ ಅಡಿ ಎತ್ತರವೂ ಎಂಟೂವರೆ ಅಡಿ ಅಗಲವೂ ಉಳ್ಳದ್ದಾಗಿತ್ತು. ಹದ್ದುಗಳು ಮೂವತ್ತಕ್ಕೂ ಮಿಕ್ಕ ವರುಷ ಅದಕ್ಕೆ ಕಡ್ಡಿಗಳನ್ನು ಕೂಡಿಸುತ್ತಲೇ ಇದ್ದವು. ೧೯೨೫ರಲ್ಲಿ ಗಾಳಿಗೆ ಮರವು ಉರುಳಿ ಗೂಡೂ ಬಿದ್ದುಹೋಯಿತು. ಹೆರಿಕರ ಗ್ರಂಥವು ೧೯೩೪ರಲ್ಲಿ ಅಚ್ಚಾಯಿತು. ಈಗಲಾದರೋ ಗೋಪುರ ಬೇಕಿಲ್ಲ. ಐಯೋವ ಸಂಸ್ಥಾನದ ಡೆಕೋರಾ, ಕ್ಯಾಲಿಫೋರ್ನಿಯದ ಬಿಗ್ ಬೇರ್ ಮೊದಲಾದ ಸ್ಥಳಗಳಲ್ಲಿ ಗೂಡಿನ ಮೇಲ್ಗಡೆ ಕ್ಯಾಮರಾಗಳನ್ನು ಇಟ್ಟಿರುವದರಿಂದ, ಲೋಕದ ಯಾವ ಮೂಲೆಯಲ್ಲಿರುವವರಾದರೂ ಆ ಸಂಸಾರವನ್ನು ಹಗಲಿರುಳು ನೋಡಬಹುದು.

ಹಾಗೆ ನೋಡಿದವರು ಕಂಡದ್ದೇನಂದರೆ: ಹೆಣ್ಣುಹದ್ದು ಒಂದರಿಂದ ಮೂರರ ತನಕ, ಸಾಧಾರಣವಾಗಿ ಎರಡು ಮೊಟ್ಟೆಗಳನ್ನು ಇಡುವದು. ತಾಯಿಯೂ ತಂದೆಯೂ ಸರದಿಯಿಂದ ಸುಮಾರು ೩೫ ದಿವಸ ಕಾವು ಕೊಡುವವು. ಮರಿಗಳು ಹೊರಟ ಮೇಲೆ ತಂದೆತಾಯಿಗಳು ಮೀನನ್ನು ಸಣ್ಣ ಸಣ್ಣ ಚೂರುಗಳಾಗಿ ಹರಿದು ಅವುಗಳ ಬಾಯಿಗೆ ಕೊಡುವವು. ವಾರಗಳು ಕಳೆದಂತೆ ಮರಿಗಳು ತಾವೇ ಹರಿದು ತಿನ್ನಲು ಕಲಿಯುವವು. ಗರಿ ಬಲಿತ ಮೇಲೆ ಅವು ಗೂಡಿನಲ್ಲಿ ನಿಂತು ಗಾಳಿಗೆ ರೆಕ್ಕೆ ಬಿಚ್ಚಿ ಬಡಿಯುವವು. ಒಂದು ಗೇಣು ಮೇಲಕ್ಕೆದ್ದು ಮತ್ತೆ ಗೂಡಿನಲ್ಲಿಯೇ ಇಳಿಯುವವು. ಬಳಿಕ ಹತ್ತಿರದ ಕೊಂಬೆಗೆ ಹಾರಿ ಕೂತು, ಭಯಪಟ್ಟಂತೆ ಸುತ್ತಲೂ ನೋಡಿ ಹಿಂತಿರುಗುವವು. ಹೀಗೆ ದಿನದಿನಕ್ಕೆ ಅಭ್ಯಾಸಮಾಡಿ ಹತ್ತು, ಹನ್ನೆರಡು ಅಥವಾ ಹದಿಮೂರು ವಾರಗಳಾದಾಗ ಮರಿಯು ಒಂದು ದಿವಸ ತಾನಾಗಿಯೇ ಗೂಡನ್ನು ಬಿಟ್ಟು ಗಾಳಿಗೆ ಮೈಗೊಡುವದು. ಯಾರೂ ದೂಡುವದಿಲ್ಲ. ಆ ಕಾಲ ಹತ್ತಿರವಾದಾಗ ದೊಡ್ಡ ಹದ್ದುಗಳು ಕೆಲವೊಮ್ಮೆ ಮೀನನ್ನು ಹಿಡಿದುಕೊಂಡು ಗೂಡಿನ ಸಮೀಪದಲ್ಲಿ ಹಾರಿಹೋಗುವದುಂಟು, ಬಳಿಯ ಕೊಂಬೆಯ ಮೇಲೆ ಕೂತು ತಿನ್ನುವದೂ ಉಂಟು. ಇದು ಮರಿಯನ್ನು ಕರೆಯುವದಕ್ಕಾಗಿಯೇ ಮಾಡುವದೋ ಎಂಬ ವಿಷಯದಲ್ಲಿ ನೋಡುವವರೊಳಗೆ ಏಕಾಭಿಪ್ರಾಯವಿಲ್ಲ. ಕೆಲವು ಮರಿಗಳು ಮೊದಲ ಹಾರಾಟದಲ್ಲಿ ನೆಲಕ್ಕೆ ಬೀಳುವದೂ ಉಂಟು. ಆಗ ತಾಯಿಯು ಅದನ್ನು ಬೆನ್ನಿನ ಮೇಲೆ ಹೊರುವದಿಲ್ಲ. ಬಿದ್ದ ಸ್ಥಳಕ್ಕೇ ಆಹಾರವನ್ನು ತರುವದುಂಟು. ಹಾರಲು ಕಲಿತ ಮರಿಗಳಿಗೂ ಇನ್ನೂ ಅನೇಕ ವಾರ ತಂದೆತಾಯಿಗಳೇ ಆಹಾರ ತರುವವು. ಯಾಕಂದರೆ ಹಾರುವದನ್ನು ಕಲಿತ ಮಾತ್ರಕ್ಕೆ ಬೇಟೆಯು ಬರುವದಿಲ್ಲ.

ಇದರಲ್ಲಿ ಮುಳ್ಳೂ ಇಲ್ಲ, ದೂಡುವಿಕೆಯೂ ಇಲ್ಲ, ಬೆನ್ನಿನ ಮೇಲೆ ಹೊರುವದೂ ಇಲ್ಲ. ಹದ್ದಿನ ಕುರಿತು ಹೇಳುವ ಇನ್ನೊಂದು ಕಥೆಯೂ ಇಂಥದ್ದೇ. ಹದ್ದು ೭೦ ವರುಷ ಬದುಕುವದೆಂದೂ, ೪೦ನೆಯ ವರುಷದಲ್ಲಿ ಬೆಟ್ಟವನ್ನೇರಿ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, ಉಗುರುಗಳನ್ನೂ ಗರಿಗಳನ್ನೂ ಕಿತ್ತುಹಾಕಿ, ೧೫೦ ದಿವಸಗಳಾದ ಮೇಲೆ ಹೊಸ ಯೌವನವನ್ನು ಪಡೆಯುವದೆಂದೂ ಹೇಳುವದನ್ನು ಕೇಳಿದ್ದೇವೆ. ಕೊಕ್ಕಿಲ್ಲದ ಹದ್ದು ಐದು ತಿಂಗಳು ಏನನ್ನು ತಿಂದು ಬದುಕೀತು? ಅಡವಿಯ ಬಿಳಿತಲೆಯ ಹದ್ದುಗಳು ಬಹಳವಾದರೆ ಇಪ್ಪತ್ತು ಮೂವತ್ತು ವರುಷ ಬಾಳುವವು. ಬಹು ಮುಪ್ಪಿನದೆಂದು ಹೆಸರಾದ ಒಂದು ಹದ್ದು ನ್ಯೂಯಾರ್ಕ್ ಸಂಸ್ಥಾನದಲ್ಲಿ ೨೦೧೫ರಲ್ಲಿ ಸತ್ತಾಗ ೩೮ ವರುಷದ್ದಾಗಿತ್ತು. ಅವುಗಳ ಕೊಕ್ಕೂ ಉಗುರೂ ಸವೆಯುತ್ತಾ ಬೆಳೆಯುತ್ತಾ ಇರುವವು. ಗರಿಗಳು ಒಂದೇ ಸಾರಿ ಉದುರದೆ, ಹಾರುವದಕ್ಕೆ ಅಡ್ಡಿಯಾಗದಂತೆ, ಸ್ವಲ್ಪ ಸ್ವಲ್ಪವಾಗಿ ಬದಲಾಗುವವು.

ಇಲ್ಲಿ ಕೆಲವರು ಹೀಗೆ ಹೇಳಬಹುದು: "ಕಥೆ ಹೇಗಿದ್ದರೇನು? ಕೇಳಿದವರ ನಂಬಿಕೆ ಬಲವಾದರೆ ಸಾಲದೋ? ನಮ್ಮ ಕರ್ತನು ತಾನೇ ಸಾಮ್ಯಗಳನ್ನು ಹೇಳಲಿಲ್ಲವೋ?" ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಕರ್ತನು ಸಾಮ್ಯಗಳನ್ನು ಹೇಳಿದನು, ನಿಶ್ಚಯ. ಆದರೆ ಬಿತ್ತುವವನ ಸಾಮ್ಯವನ್ನು ಕೇಳಿದವರೊಳಗೆ ಯಾವನಾದರೂ ಆ ರೈತನ ಊರು ಯಾವದೆಂದು ವಿಚಾರಿಸಿದನೋ? ಅದು ಸಾಮ್ಯವೆಂದು ಹೇಳಿದವನಿಗೂ ಕೇಳಿದವರಿಗೂ ತಿಳಿದಿತ್ತು. ಇದಲ್ಲದೆ ಆ ಸಾಮ್ಯದೊಳಗಿನ ಹೊಲವು ಹೊಲದ ಹಾಗೆಯೇ ಇದೆ: ದಾರಿಯ ಬದಿಯ ಬೀಜವನ್ನು ಹಕ್ಕಿಗಳು ತಿನ್ನುವವು, ಬಂಡೆಯ ಮೇಲಿನ ಸಸಿಯು ಒಣಗುವದು. ಪ್ರವಾದಿಯಾದ ನಾತಾನನು ಬಡವನ ಕುರಿಮರಿಯ ಕಥೆಯನ್ನು ದಾವೀದನಿಗೆ ನಿಜಸಂಗತಿಯಂತೆ ಹೇಳಿದನು. ಆದರೆ ಅರಸನ ಮನಸ್ಸು ಕಲಕಿದ ಕೂಡಲೇ ಮುಸುಕನ್ನು ತೆಗೆದು ಅದರ ಅರ್ಥವನ್ನು ಬಿಚ್ಚಿ ತೋರಿಸಿದನು. ಹದ್ದಿನ ಕಥೆಯನ್ನು ಹೇಳುವ ನಾವಾದರೋ ಮುಸುಕನ್ನು ತೆಗೆಯುವದಿಲ್ಲ. ಸೃಷ್ಟಿಯಲ್ಲಿ ಹೀಗೆಯೇ ನಡೆಯುವದೆಂದೂ ಪಂಡಿತರು ಇದನ್ನು ಕಂಡಿರುವರೆಂದೂ ಹೇಳುತ್ತೇವೆ. ಆಗ ಅದು ಸಾಮ್ಯವಲ್ಲ, ಸಾಕ್ಷಿ. ಸಾಕ್ಷಿಯು ಕಂಡದ್ದನ್ನೇ ಹೇಳಬೇಕು.

"ಹಾಗಾದರೆ ಧರ್ಮೋಪದೇಶಕಾಂಡದ ೩೨ನೆಯ ಅಧ್ಯಾಯದಲ್ಲಿರುವ ಮೋಶೆಯ ಗೀತವು ಸುಳ್ಳಾಗುವದೋ?" ಎಂದು ಭಯಪಡುವವರೂ ಇರುವರು. ಅದಕ್ಕೆ ಕಾರಣವಿಲ್ಲ. ಮೊದಲನೆಯದಾಗಿ, ಮೋಶೆಯು ಕಂಡದ್ದು ಅಮೇರಿಕದ ಹಕ್ಕಿಯನ್ನಲ್ಲ. ಇಬ್ರಿಯ ಭಾಷೆಯ ನೆಶೆರ್ ಎಂಬ ಪದವು ದೊಡ್ಡ ರಣಹದ್ದಿಗೂ ಸಲ್ಲುವದು. ಮೀಕನ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಆ ಹಕ್ಕಿಯ ಬೋಳುತಲೆಯ ಪ್ರಸ್ತಾಪವಿರುವದರಿಂದ ಇದು ತಿಳಿಯುವದು. ಎರಡನೆಯದಾಗಿ, ಅದು ಗೀತ. ದೇವರು ಇಸ್ರಾಯೇಲ್ಯರನ್ನು ಹದ್ದಿನ ರೆಕ್ಕೆಗಳ ಮೇಲೆ ಹೊತ್ತು ತಂದನೆಂಬ ಭಾವವು ವಿಮೋಚನಕಾಂಡದ ೧೯ನೆಯ ಅಧ್ಯಾಯದಲ್ಲಿಯೂ ಇದೆ. ಅದನ್ನು ಕೇಳಿದವರು ಐಗುಪ್ತದಿಂದ ಸೀನಾಯಿ ಬೆಟ್ಟದ ತನಕ ಕಾಲುನಡಿಗೆಯಿಂದ ಬಂದವರೇ! ಅವರ ಪಾದಗಳಿಗೆ ಮರುಭೂಮಿಯ ಮರಳಿನ ಕಾವು ಗೊತ್ತಿತ್ತು. ಆದಾಗ್ಯೂ ಆ ಮಾತು ಸುಳ್ಳೆಂದು ಅವರು ಎಣಿಸಲಿಲ್ಲ. ತಮ್ಮ ಬಲದಿಂದ ತಾವು ಬರಲಿಲ್ಲವೆಂಬ ಸತ್ಯವನ್ನು ಅದರಲ್ಲಿ ಕಂಡರು. ಆ ವಚನಗಳು ದೇವರ ಕುರಿತು ಹೇಳುವವುಗಳೇ ಹೊರತು ಪಕ್ಷಿಶಾಸ್ತ್ರವನ್ನು ಕಲಿಸುವವುಗಳಲ್ಲ. ಗೀತಕ್ಕೆ ನಮ್ಮ ಕಡೆಯಿಂದ ಮುಳ್ಳುಗಳನ್ನೂ ಬಂಡೆಗಳನ್ನೂ ಕೂಡಿಸಿ ಅದನ್ನು ವರದಿಯಾಗಿ ಮಾಡಿದವರು ನಾವು.

ಇದರಿಂದ ಬರುವ ಕೇಡಾದರೂ ಏನು? ಒಂದನೆಯದು, ನಮ್ಮ ಮಕ್ಕಳಿಗೆ ಆಗುವ ಕೇಡು. ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ನಂಬಿದ ಹುಡುಗಿಯು ನಾಳೆ ಕಾಲೇಜಿಗೆ ಹೋಗುವಳು. ಅಲ್ಲಿ ಪುಸ್ತಕದಲ್ಲಿ ಓದಿಯೋ ಗೂಡಿನ ಚಿತ್ರಗಳನ್ನು ನೋಡಿಯೋ ಅದು ಹಾಗಲ್ಲವೆಂದು ತಿಳಿಯುವಳು. ಆಗ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆಯು ಹದ್ದಿನ ಕುರಿತಾದದ್ದಲ್ಲ. ಅದೇ ಬಾಯಿಂದ, ಅದೇ ಸ್ವರದಿಂದ ಕೇಳಿದ ಬೇರೆ ಸಂಗತಿಗಳ ಗತಿಯೇನು ಎಂಬದೇ. ನಾವು ಬರಿದಾದ ಸಮಾಧಿಯ ಸಾಕ್ಷಿಗಳು. ಹಕ್ಕಿಯ ವಿಷಯದಲ್ಲಿ ಅಜಾಗರೂಕರಾದವರ ಮಾತನ್ನು ಪುನರುತ್ಥಾನದ ವಿಷಯದಲ್ಲಿ ಯಾರು ನಂಬುವರು?

ಎರಡನೆಯದು, ಕಥೆಯನ್ನು ನಂಬಿ ನಡೆಯುವದರಿಂದ ಆಗುವ ಕೇಡು. ದೂಡುವದೇ ಪ್ರೀತಿಯೆಂದು ತಿಳಿದ ತಂದೆಯು, ಇನ್ನೂ ಗರಿ ಬಲಿಯದ ಹದಿನಾಲ್ಕು ವರುಷದ ಮಗನನ್ನು ಶಾಲೆ ಬಿಡಿಸಿ ಪಟ್ಟಣದ ಕೆಲಸಕ್ಕೆ ಕಳುಹಿಸಿ, ಹದ್ದಿನ ಮರಿಯು ಹೀಗೆಯೇ ಹಾರಲು ಕಲಿಯುವದೆಂದು ಸಮಾಧಾನ ಹೇಳಿಕೊಳ್ಳಬಹುದು. ಹೆಂಡತಿಯ ಕಣ್ಣೀರನ್ನೂ ಮಗನ ಹೆದರಿಕೆಯನ್ನೂ ಅವನು ದೇವರ ಶಿಕ್ಷಣವೆಂದು ಎಣಿಸಿಯಾನು. ಮಧ್ಯವಯಸ್ಸಿನಲ್ಲಿ ರೋಗದಿಂದಲೋ ವಿಧವೆಯ ದುಃಖದಿಂದಲೋ ಕುಗ್ಗಿರುವ ಸಹೋದರಿಗೆ, ಕೊಕ್ಕನ್ನು ಮುರಿದುಕೊಂಡ ಹದ್ದಿನ ಕಥೆ ಹೇಳಿ, ನೋವು ಹೆಚ್ಚಾದಷ್ಟೂ ಬಲವು ಹೆಚ್ಚೀತೆಂದು ಕಲಿಸುವವರುಂಟು. ಅವಳಿಗೆ ಬೇಕಾದದ್ದು ಔಷಧವೂ ನೆರವೂ ಪಕ್ಕದಲ್ಲಿ ಕೂತು ಪ್ರಾರ್ಥಿಸುವವರೂ ಅಲ್ಲವೋ? ಇಂಥ ಕಥೆಗಳು ಸಿಹಿಯಾಗಿ ತೋರಿದರೂ ಕಠಿನತ್ವಕ್ಕೆ ಭಕ್ತಿಯ ಅಂಗಿಯನ್ನು ತೊಡಿಸುವವು.

ಹಾಗಾದರೆ ಗೂಡಿನಲ್ಲಿ ನಿಜವಾಗಿ ಕಂಡದ್ದೆಲ್ಲವನ್ನೂ ನಾವು ಮಾದರಿಯಾಗಿ ತೆಗೆದುಕೊಳ್ಳಬೇಕೋ? ಅದೂ ಅಲ್ಲ. ಮೊದಲನೆಯ ಮೊಟ್ಟೆಯನ್ನು ಇಟ್ಟಂದಿನಿಂದಲೇ ಕಾವು ಆರಂಭವಾಗುವದರಿಂದ ಮೊದಲು ಹುಟ್ಟಿದ ಮರಿಯು ದೊಡ್ಡದಾಗುವದು. ಅದು ಚಿಕ್ಕ ಮರಿಯನ್ನು ಕುಕ್ಕಿ ಆಹಾರಕ್ಕೆ ಬಾರದಂತೆ ಮಾಡುವದುಂಟು. ಕೆಲವೊಮ್ಮೆ ಚಿಕ್ಕದು ಸಾಯುವದೂ ಉಂಟು. ತಾಯಿಯು ಅಲ್ಲಿಯೇ ನಿಂತಿದ್ದರೂ ಸಾಧಾರಣವಾಗಿ ಅವುಗಳನ್ನು ಬಿಡಿಸುವದಿಲ್ಲ. ಬಿಗ್ ಬೇರಿನ ಗೂಡಿನಲ್ಲಿ ೨೦೨೪ರಲ್ಲಿ ಇಟ್ಟ ಮೂರು ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲ. ಆ ಜೋಡಿಯು ಕಾಲ ಮೀರಿ ಅನೇಕ ವಾರಗಳ ತನಕ ಅವುಗಳ ಮೇಲೆ ಕೂತಿತು. ೨೦೨೫ರ ಮಾರ್ಚ್ ತಿಂಗಳಲ್ಲಿ ಮೂರು ಮರಿಗಳು ಹೊರಟವು. ಅದೇ ತಿಂಗಳಲ್ಲಿ ಹಿಮದ ಬಿರುಗಾಳಿ ಬೀಸಿದಾಗ ಒಂದು ಸತ್ತಿತು. ಉಳಿದ ಎರಡು ಜೂನ್ ತಿಂಗಳ ಮೊದಲ ವಾರದಲ್ಲಿ ಹಾರಿದವು. ಸೃಷ್ಟಿಯಲ್ಲಿ ಮಮತೆಯೂ ಇದೆ, ಮರಣವೂ ಇದೆ. ಯೋಬನ ಗ್ರಂಥದ ೩೯ನೆಯ ಅಧ್ಯಾಯದಲ್ಲಿ ದೇವರು ಹದ್ದಿನ ಗೂಡಿನ ಮಾತೆತ್ತಿದಾಗ, ಅದರ ಮರಿಗಳು ರಕ್ತದಿಂದ ಬದುಕುವ ಸಂಗತಿಯನ್ನೂ ಮರೆಮಾಡಲಿಲ್ಲ. ದೇವರೇ ಮರೆಮಾಡದ್ದನ್ನು ನಾವು ಯಾಕೆ ಮರೆಮಾಡಬೇಕು?

ಇದರಿಂದ ತಿಳಿಯುವದೇನಂದರೆ, ಹಕ್ಕಿಗಳ ನಡತೆಯು ನಮಗೆ ಕಟ್ಟಳೆಯಲ್ಲ. ಚಿಕ್ಕ ಮರಿಯನ್ನು ಕುಕ್ಕುವ ದೊಡ್ಡ ಮರಿಗೆ ದೋಷವಿಲ್ಲ, ಕಾಯಿನನಿಗೆ ದೋಷವಿತ್ತು. ಬಲಹೀನನಾದ ತಮ್ಮನನ್ನು ಕಾಯಬೇಕೆಂಬದನ್ನು ನಾವು ಹದ್ದಿನಿಂದ ಕಲಿತವರಲ್ಲ, ನಮಗೋಸ್ಕರ ಬಲಹೀನನಾದ ಕರ್ತನಿಂದ ಕಲಿತವರು. ದೇವರ ವಾಕ್ಯದಿಂದ ಮೊದಲೇ ತಿಳಿದ ಸತ್ಯವನ್ನು ಬೆಳಕಿಗೆ ಹಿಡಿಯುವದಕ್ಕೆ ಸೃಷ್ಟಿಯಿಂದ ದೃಷ್ಟಾಂತಗಳನ್ನು ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡದ್ದು ಸೃಷ್ಟಿಕರ್ತನು ಮಾಡಿದ್ದಾಗಿರಬೇಕು, ನಾವು ಮಾಡಿದ್ದಾಗಿರಬಾರದು.

ಇದ್ದದ್ದನ್ನು ಇದ್ದ ಹಾಗೆ ಹೇಳುವದರಿಂದ ಎಷ್ಟು ಒಳ್ಳೇದಾಗುವದೆಂಬದಕ್ಕೆ ಈ ಹಕ್ಕಿಯ ಚರಿತ್ರೆಯೇ ಸಾಕ್ಷಿ. ಕೆನಡ ದೇಶದ ಚಾರ್ಲ್ಸ್ ಬ್ರೋಲಿ ಎಂಬವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ೧೯೩೯ರಿಂದ ಫ್ಲಾರಿಡದಲ್ಲಿ ಮರಗಳನ್ನು ಹತ್ತಿ ಸಾವಿರಕ್ಕೂ ಹೆಚ್ಚು ಹದ್ದಿನ ಮರಿಗಳ ಕಾಲಿಗೆ ಗುರುತಿನ ಉಂಗುರಗಳನ್ನು ತೊಡಿಸಿದರು. ೧೯೪೭ರಿಂದೀಚೆಗೆ ಅವರು ಹತ್ತಿದ ಅನೇಕ ಗೂಡುಗಳಲ್ಲಿ ಮರಿಗಳೇ ಇರಲಿಲ್ಲ. ಅವರು ಅದನ್ನು ಲೆಕ್ಕವಿಟ್ಟು ಲೋಕಕ್ಕೆ ತಿಳಿಸಿದರು. ೧೯೬೨ರಲ್ಲಿ ರೇಚಲ್ ಕಾರ್ಸನ್ ಎಂಬಾಕೆಯು ತನ್ನ ಹೆಸರಾದ ಗ್ರಂಥದಲ್ಲಿ ಆ ಲೆಕ್ಕವನ್ನು ಎತ್ತಿ ಹೇಳಿದಳು. ೧೯೬೩ರಲ್ಲಿ ಅಲಾಸ್ಕ ಮತ್ತು ಹವಾಯಿಗಳನ್ನು ಬಿಟ್ಟು ಉಳಿದ ೪೮ ಸಂಸ್ಥಾನಗಳಲ್ಲಿ ಕೇವಲ ೪೧೭ ಜೋಡಿಗಳು ಗೂಡು ಕಟ್ಟಿದ್ದವು. ಸೊಳ್ಳೆಗಳನ್ನು ಕೊಲ್ಲುವದಕ್ಕಾಗಿ ನಮ್ಮ ದೇಶದ ಮನೆಗಳ ಗೋಡೆಗಳಿಗೂ ಸಿಂಪಡಿಸಿದ ಡಿ.ಡಿ.ಟಿ. ಎಂಬ ಔಷಧವು ನೀರಿನಿಂದ ಮೀನಿಗೂ ಮೀನಿನಿಂದ ಹದ್ದಿಗೂ ಸೇರಿ, ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಕಾವಿನಲ್ಲಿಯೇ ಒಡೆಯುತ್ತಿತ್ತು. ೧೯೭೨ರಲ್ಲಿ ಅಮೇರಿಕದ ಸರಕಾರವು ಅದನ್ನು ನಿಷೇಧಿಸಿತು. ೨೦೦೭ರಲ್ಲಿ ಈ ಹಕ್ಕಿಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆದರು. ೨೦೨೧ರ ವರದಿಯಲ್ಲಿ ಅದೇ ೪೮ ಸಂಸ್ಥಾನಗಳಲ್ಲಿ ಸುಮಾರು ೭೧,೪೦೦ ಜೋಡಿಗಳು ಗೂಡು ಕಟ್ಟುತ್ತವೆಂದು ಅಂದಾಜು ಮಾಡಿದರು. ಬರಿದಾದ ಗೂಡನ್ನು ಕಂಡ ಬ್ರೋಲಿಯು ಜನರನ್ನು ಸಂತೋಷಪಡಿಸುವ ಕಥೆಯನ್ನು ಹೇಳಿದ್ದರೆ ಹದ್ದಿಗೆ ಏನು ಸಹಾಯವಾಗುತ್ತಿತ್ತು?

ಇನ್ನು ನಿಜವಾದ ಗೂಡಿನಿಂದ ಬೋಧಕನಿಗೆ ಸಿಕ್ಕುವದು ಕಡಿಮೆಯೋ? ಗಾಳಿಯ ಮುಂದೆ ಸಾವಿರ ಸಾರಿ ರೆಕ್ಕೆ ಬಡಿದು, ಕೊಂಬೆಯಿಂದ ಕೊಂಬೆಗೆ ಕಾಲಿಟ್ಟು ಹಾರಲು ಕಲಿಯುವ ಮರಿಯನ್ನು ನೋಡಿರಿ. ದೊಡ್ಡ ನಂಬಿಕೆಯು ಚಿಕ್ಕ ವಿಧೇಯತ್ವಗಳಿಂದ ಬೆಳೆಯುವದಕ್ಕೆ ಇದು ತಕ್ಕ ದೃಷ್ಟಾಂತವಲ್ಲವೋ? ದೂಡದೆಯೂ ಹಿಡಿದು ನಿಲ್ಲಿಸದೆಯೂ ಕಾದಿರುವ ದೊಡ್ಡ ಹದ್ದುಗಳನ್ನು ನೋಡಿರಿ. ನೆಲಕ್ಕೆ ಬಿದ್ದ ಮರಿಯ ಬಳಿಗೆ ಮೀನನ್ನು ಒಯ್ಯುವದನ್ನು ನೋಡಿರಿ. ಮನೆಬಿಟ್ಟು ಹೋಗಿ ಸೋತ ಮಗನಿಗೆ ಊಟವಿಡುವ ತಂದೆಯ ಸಾಮ್ಯವು ನಿಮ್ಮ ನೆನಪಿಗೆ ಬಾರದೋ? ಮಗಳನ್ನು ಕಲಿಯುವದಕ್ಕೋ ಮಗನನ್ನು ಕೆಲಸಕ್ಕೋ ಕಳುಹಿಸಿದ ತಂದೆತಾಯಿಗಳ ಕೆಲಸವು ಬಾಗಿಲಲ್ಲಿ ಮುಗಿಯುವದಿಲ್ಲವೆಂಬದನ್ನು ಇದಕ್ಕಿಂತ ಚೆನ್ನಾಗಿ ಯಾವ ಕಥೆ ಹೇಳೀತು? ಗರಿಗಳು ಒಂದೊಂದಾಗಿ ಉದುರಿ ಯಾರಿಗೂ ಕಾಣದಂತೆ ಹೊಸದಾಗುವದನ್ನು ನೋಡಿರಿ. ಅಂತರಂಗದ ಮನುಷ್ಯನು ದಿನದಿನಕ್ಕೆ ಹೊಸಬನಾಗುವ ವಿಷಯದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದು ಇದಕ್ಕೆ ಹೊಂದುವದು, ಬಂಡೆಗೆ ಬಡಿದ ಕೊಕ್ಕಿಗೆ ಹೊಂದುವದಿಲ್ಲ.

ಆದಕಾರಣ ಬೋಧಕರೂ ಉಪಾಧ್ಯಾಯರೂ ಮನೆಯಲ್ಲಿ ಮಕ್ಕಳಿಗೆ ಕಲಿಸುವ ತಾಯಂದಿರೂ ಮೂರು ಕಾರ್ಯಗಳನ್ನು ಮಾಡುವದು ಒಳ್ಳೇದು. ಕೇಳಿದ ದೃಷ್ಟಾಂತವನ್ನು ಹೇಳುವ ಮುಂಚೆ ಅದು ನಿಜವೋ ಎಂದು ಬಲ್ಲವರನ್ನು ವಿಚಾರಿಸಲಿ. ಕಟ್ಟಿದ ಕಥೆಯಾದರೆ ಕಟ್ಟಿದ ಕಥೆಯೆಂದೇ ಹೇಳಲಿ. ಅದರಿಂದ ಉಪದೇಶದ ಬಲವು ಕುಂದುವದಿಲ್ಲ. ಹಿಂದೆ ತಿಳಿಯದೆ ಹೇಳಿದ್ದಿದ್ದರೆ, ನಾಚಿಕೆಪಡದೆ ಅದೇ ಮಕ್ಕಳ ಮುಂದೆ ತಿದ್ದಿಕೊಳ್ಳಲಿ. ಹಾಗೆ ತಿದ್ದಿಕೊಳ್ಳುವ ಗುರುವಿನ ಬಾಯಿಂದ ಸುವಾರ್ತೆಯನ್ನು ಕೇಳಿದ ಮಕ್ಕಳು ಅದನ್ನು ಸುಲಭವಾಗಿ ಬಿಡುವದಿಲ್ಲ. ದೇವರ ಪಕ್ಷವನ್ನು ಹಿಡಿಯುತ್ತೇವೆಂದು ಹೇಳಿ ಸತ್ಯವನ್ನು ಬಗ್ಗಿಸಿದ ಮಿತ್ರರನ್ನು ಯೋಬನು ಗದರಿಸಿದನು. ಕಡೆಯಲ್ಲಿ ದೇವರೂ ಆ ಮಿತ್ರರ ಕಡೆಗಿರಲಿಲ್ಲ. ಸತ್ಯದೇವರಿಗೆ ನಮ್ಮ ಸುಳ್ಳಿನ ನೆರವು ಬೇಕಿಲ್ಲ. ಆತನು ಮಾಡಿದ್ದನ್ನು ತಾಳ್ಮೆಯಿಂದ ನೋಡುವ ಕಣ್ಣನ್ನೂ, ನೋಡಿದ್ದನ್ನೇ ಹೇಳುವ ನಾಲಿಗೆಯನ್ನೂ ಆತನು ನಮಗೆಲ್ಲರಿಗೂ ದಯಪಾಲಿಸಲಿ.